ಕೇಕ್ ಮಾತು ನಿಲ್ಲಿಸುವ ಹೊತ್ತು

ಮೇ ೭, ಬುಧವಾರ

ಪ್ರೀತಿಯ ಅಳಿಯಂದಿರಿಗೆ,

ನಿಮ್ಮ ಅತ್ತೆಯ ಆಶೀರ್ವಾದಗಳು. ಫೋನು ಮಾಡುವುದು ಬಿಟ್ಟು ಇವರೇಕೆ ಕಾಗದ ಬರೆಯಲು ಕೂತರು ಎಂದು ನಿಮಗೆ ಅನ್ನಿಸಬಹುದು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಊರಿನವರ ಮಾತನ್ನೆಲ್ಲ ಈ ತಂತಿಯಿಂದ ಆ ತಂತಿಗೆ ದಾಟಿಸಿದವಳು ನಾನು. ಕಾಗದ ಬರೆಯುವವರನ್ನು ಕಂಡರೆ ನನಗೆ ಆಗೆಲ್ಲ ಕನಿಕರ. ಈಗ ನಾನೇ ಪೆನ್ನು ಹಿಡಿದಿದ್ದೇನೆ. ಯಾಕೆ ಎನ್ನುವುದು ಇದನ್ನು ಓದುತ್ತಾ ಹೋದಂತೆ ನಿಮಗೆ ತಿಳಿಯುತ್ತದೆ. ಈಗಾಗಲೇ ತಿಳಿದು ಎದೆ ಹೊಡೆದುಕೊಳ್ಳುತ್ತಿದ್ದರೂ ನಡುವೆ ನಿಲ್ಲಿಸಬೇಡಿ. ಕೈ ತೊಳೆದು, ಕನ್ನಡಕ ಹಾಕಿಕೊಂಡು, ಪೂರ್ತಿ ಓದಿ.

ನಾವೆಲ್ಲ ಕ್ಷೇಮ. ನಿಮ್ಮ ಮಾವನವರು ಹೊಸ ಹಲ್ಲಿನ ಸೆಟ್ಟನ್ನು ಊಟದ ಹೊತ್ತಿಗೆ ಬಿಚ್ಚಿಟ್ಟು, ಊಟವಾದ ಮೇಲೆ ಹಾಕಿಕೊಳ್ಳುತ್ತಾರೆ. ಅದು ಅಂದಕ್ಕಂತೆ. ನಿಮ್ಮ ಮಗಳು ಮೆಣಸು ನಾನಿಟ್ಟ ಅಡ್ಡಹೆಸರಿಗೆ ತಕ್ಕ ಹಾಗೆಯೇ ನಡೆದುಕೊಳ್ಳುತ್ತಿದ್ದಾಳೆ. ಅಜ್ಜನ ಜೊತೆ ದಿನಕ್ಕೆ ಎರಡು ಸಲ ಟೂ ಬಿಟ್ಟು ಮೂರು ಸಲ ರಾಜಿ ಮಾಡಿಕೊಳ್ಳುತ್ತಾಳೆ. ಇನ್ನು ನಿಮ್ಮ ಹೆಂಡತಿ. ಅವಳು ನಮ್ಮ ಮನೆಗೆ ಬಂದು ಇವತ್ತಿಗೆ ನಲವತ್ತು ದಿನ. ಯಾಕೆ ಬಂದಳು ಎಂದು ನೀವು ಕೇಳಿಲ್ಲ, ಅವಳೂ ನಿಮಗೆ ಹೇಳಿಲ್ಲ. ನಾನು ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಬೇರೊಂದು ಮಾತಿದೆ. ಅದನ್ನು ಹೇಳದಿದ್ದರೆ ಮುಂದಿನದನ್ನೆಲ್ಲ ನೀವು ಬೈಗುಳ ಎಂದುಕೊಳ್ಳುತ್ತೀರಿ.

ನಿಮ್ಮ ಮೇಲೆ ನನಗೆ ಎಷ್ಟು ಅಭಿಮಾನವಿದೆ ಎಂದು ಈ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ನಿಮ್ಮ ಎದುರಿಗೆ ಹೇಳಿಲ್ಲ. ಅಳಿಯನನ್ನು ಎದುರೆದುರು ಹೊಗಳಿದರೆ ತಲೆ ಮೇಲೆ ಕೂರುತ್ತಾನೆ ಎಂದು ನನ್ನ ಎಣಿಕೆಯಾಗಿತ್ತು. ನೀವು ಅಂಥವರಲ್ಲ ಎಂದು ಎರಡನೆಯ ವರ್ಷವೇ ಗೊತ್ತಾಯಿತು. ಅಷ್ಟು ಹೊತ್ತಿಗೆ ಹೊಗಳದಿರುವುದೇ ಅಭ್ಯಾಸವಾಗಿಬಿಟ್ಟಿತ್ತು.

ನನ್ನ ಮಗಳು ಚಿಕ್ಕವಳಿದ್ದಾಗ ಅವಳ ಹುಟ್ಟುಹಬ್ಬಕ್ಕೆ ಯಾರೂ ಕೇಕ್ ಮಾಡಿದ್ದಿಲ್ಲ. ಮೇ ತಿಂಗಳು ಬಂತೆಂದರೆ ನನಗೆ ಸಂಜೆಯ ಪಾಳಿ. ನಾನು ಪಕ್ಕದ ಮನೆಯ ಫೋನಿಗೆ ಕರೆ ಹಾಕುತ್ತಿದ್ದೆ. ಅವರು ಹೋಗಿ ಇವಳನ್ನು ಕರೆತರುತ್ತಿದ್ದರು. ಬೇರೆಯವರ ಹಜಾರದಲ್ಲಿ ಒಂಟಿ ಕಾಲಲ್ಲಿ ನಿಂತು ಇವಳು ಹಲೋ ಅನ್ನುತ್ತಿದ್ದಳು. ನಾನು ಎರಡು ಕರೆಗಳ ನಡುವೆ ಸಿಕ್ಕ ಪುರುಸೊತ್ತಿನಲ್ಲಿ ಎರಡು ಮಾತಾಡಿ ಇಟ್ಟುಬಿಡುತ್ತಿದ್ದೆ. ನಮ್ಮ ಮನೆಯ ಹುಟ್ಟುಹಬ್ಬ ಅಷ್ಟೇ. ಮದುವೆಯಾದ ಹೊಸದರಲ್ಲಿ ಅವಳು ಇದನ್ನು ನಗುನಗುತ್ತಲೇ ನಿಮಗೆ ಹೇಳಿದಳಂತೆ. ಮಾರನೆಯ ವಾರದಿಂದ ಫ್ಯಾಕ್ಟರಿಯಿಂದ ಬೇಡವಾದ ತಗಡಿನ ತುಂಡುಗಳು ಮನೆಗೆ ಬರತೊಡಗಿದವಂತೆ.

ಆ ತಗಡಿನಿಂದ ನೀವು ಕಟ್ಟಿದ ಕೇಕಿನ ಓವನ್ನಿಗೆ ಮೂರು ಭಾನುವಾರ ಹಿಡಿಯಿತು. ಎರಡು ಪದರ ತಗಡು, ನಡುವೆ ಮರಳು, ಕೆಳಗೆ ಗ್ಯಾಸಿನ ಉರಿ, ಮುಂದೆ ಒಂದು ಬಾಗಿಲು. ಒಳಗೆ ನೋಡಲು ಗಾಜಿಲ್ಲ, ಶಾಖ ತೋರಿಸುವ ಮುಳ್ಳಿಲ್ಲ. ಕೇಕಿನ ಡಬ್ಬಿಯನ್ನೂ ನೀವೇ ಬಡಿದು ಮಾಡಿದಿರಿ. ಡಬ್ಬಿ ಮುಚ್ಚಳ ಒತ್ತುವ ಪ್ರೆಸ್ ಯಂತ್ರದ ಮುಂದೆ ಇಡೀ ದಿನ ನಿಲ್ಲುವ ಮನುಷ್ಯ ಮನೆಗೆ ಬಂದು ಮತ್ತೆ ಡಬ್ಬಿ ಬಡಿಯುತ್ತಾನಲ್ಲ ಎಂದು ನಾನು ನಿಮ್ಮ ಮಾವನವರ ಹತ್ತಿರ ಆಡಿಕೊಂಡೆ. ಮೊದಲ ಕೇಕ್ ಬಂದಾಗ ಅದಕ್ಕಿಂತ ಕೆಟ್ಟ ಮಾತು ಆಡಿದೆ. ಇದನ್ನು ಕತ್ತರಿಸಲು ಚಾಕು ಸಾಕೋ, ನಿಮ್ಮ ಫ್ಯಾಕ್ಟರಿಯಿಂದ ಏನಾದರೂ ತರಿಸಬೇಕೋ ಎಂದು ಎಲ್ಲರ ಮುಂದೆ ಕೇಳಿದೆ. ನೀವು ನಕ್ಕಿರಿ. ಆಮೇಲೆ ಹಿತ್ತಲಿಗೆ ಹೋಗಿ ಉಳಿದ ಅರ್ಧ ಕೇಕನ್ನು ಒಬ್ಬರೇ ತಿಂದು ಮುಗಿಸಿದಿರಂತೆ, ಬೇರೆ ಯಾರಿಗೂ ಕಷ್ಟವಾಗಬಾರದೆಂದು. ಇದು ನನಗೆ ತಿಳಿದದ್ದು ಬಹಳ ತಡವಾಗಿ.

ಅವತ್ತೇ ನನ್ನ ಮಗಳು ಮುಖ ಊದಿಸಿಕೊಂಡು ಒಂದು ಕಟ್ಟಳೆ ಮಾಡಿದಳು. ಯಾರ ಹುಟ್ಟುಹಬ್ಬವೇ ಆಗಲಿ, ಕೇಕಿನ ಬಗ್ಗೆ ಒಂದೇ ಒಂದು ಕೆಟ್ಟ ಮಾತು ಯಾರ ಬಾಯಿಂದಲೂ ಬರಕೂಡದು. ಅವತ್ತೂ ಇಲ್ಲ, ಮಾರನೆಯ ದಿನವೂ ಇಲ್ಲ. ‘ಚೆನ್ನಾಗಿದೆ ಅನ್ನಿ, ಇಲ್ಲಾಂದ್ರೆ ಸುಮ್ನೆ ತಿನ್ನಿ’ ಅಂದಳು. ಹದಿನಾಲ್ಕು ವರ್ಷ ನಾವೆಲ್ಲ ಈ ಕಟ್ಟಳೆಯನ್ನು ಚಾಚೂ ತಪ್ಪದೆ ಪಾಲಿಸಿದೆವು. ಹೆಚ್ಚು ಕಷ್ಟವೇನೂ ಆಗಲಿಲ್ಲ, ಯಾಕೆಂದರೆ ಎರಡನೆಯ ಕೇಕಿನಿಂದಲೇ ಕೆಟ್ಟ ಮಾತು ಆಡುವಂಥದ್ದು ಏನೂ ಇರುತ್ತಿರಲಿಲ್ಲ.

ನೀವು ಕೇಕ್ ಮಾಡುವುದನ್ನು ನಾನು ಕಣ್ಣು ತುಂಬ ನೋಡಿದ್ದೇನೆ. ನಾನು ನೋಡುತ್ತಿದ್ದೇನೆ ಎಂದು ನಿಮಗೆ ಗೊತ್ತಾಗದಂತೆ ಒಂದು ಪತ್ರಿಕೆ ಅಡ್ಡ ಹಿಡಿದುಕೊಂಡು ಕೂರುತ್ತಿದ್ದೆ. ಡಬ್ಬಿಗೆ ಬೆಣ್ಣೆ ಸವರಿ ಮೈದಾ ಉದುರಿಸುವುದಿಲ್ಲ ನೀವು, ಕೋಕೋ ಪುಡಿಯನ್ನೇ ಉದುರಿಸುತ್ತೀರಿ, ಕಪ್ಪು ಕೇಕಿನ ಮೈಮೇಲೆ ಬಿಳಿ ಕಲೆ ಕೂರಬಾರದೆಂದು. ಕೋಕೋವನ್ನು ಕುದಿಯುವ ನೀರಿನಲ್ಲಿ ಕಲಸಿಟ್ಟು, ಅದು ಆರುವವರೆಗೆ ಬೇರೆ ಕೆಲಸ ಮುಟ್ಟುವುದಿಲ್ಲ. ಬೆಣ್ಣೆ, ಸಕ್ಕರೆಪುಡಿಯನ್ನು ಕೈ ಬದಲಿಸದೆ ಬಿಳುಪಾಗುವವರೆಗೆ ತಿರುವುತ್ತೀರಿ. ಮೊಟ್ಟೆಯನ್ನು ಒಂದೊಂದಾಗಿ ಹಾಕುವಾಗ ಸಾಲಿನಲ್ಲಿ ನಿಂತವರನ್ನು ಒಳಗೆ ಬಿಡುವ ಕಾವಲುಗಾರನ ಮುಖ ನಿಮ್ಮದು. ಮೈದಾ ಮೂರು ಸಲ ಜರಡಿ. ಡಬ್ಬಿಯ ಸುತ್ತ ಹಳೆಯ ಟವೆಲಿನ ಒದ್ದೆ ಪಟ್ಟಿ ಕಟ್ಟುತ್ತೀರಿ, ಅಂಚು ಬೇಗ ಗಟ್ಟಿಯಾಗಿ ನಡುವೆ ಗುಡ್ಡ ಏಳದಿರಲೆಂದು. ಮಾವನವರ ಕೇಕಿಗೆ ಸಕ್ಕರೆ ಕಡಿಮೆ, ಅದು ಅವರಿಗೆ ಗೊತ್ತಾಗದಿರಲೆಂದು ಮೇಲಿನ ಚಾಕೊಲೇಟ್ ಹೆಚ್ಚು. ನನ್ನದಕ್ಕೆ ಕಿತ್ತಳೆ ಸಿಪ್ಪೆಯ ತುರಿ. ನನಗೆ ಕಿತ್ತಳೆ ಇಷ್ಟ ಎಂದು ನಾನು ಎಂದೂ ನಿಮಗೆ ಹೇಳಿರಲಿಲ್ಲ.

ಇದೆಲ್ಲ ಕಲಿತು ಬರುವ ವಿದ್ಯೆ. ಆದರೆ ಕೊನೆಯಲ್ಲಿ ನೀವು ಮಾಡುತ್ತಿದ್ದುದು ನಿಮಗೊಬ್ಬರಿಗೇ ಒಲಿದದ್ದು. ಓವನ್ನಿನ ಬಾಗಿಲು ತೆಗೆದು, ಡಬ್ಬಿಯನ್ನು ಅರ್ಧ ಹೊರಗೆಳೆದು, ಬಗ್ಗಿ ಅದರ ಹತ್ತಿರಕ್ಕೆ ಕಿವಿ ತರುತ್ತಿದ್ದಿರಿ. ಆ ಹೊತ್ತಿಗೆ ಮನೆಯಲ್ಲಿ ಪಿಟ್ಟೆನ್ನುವಂತಿಲ್ಲ. ನಾನು ಫ್ಯಾನ್ ಆರಿಸುತ್ತಿದ್ದೆ. ಮಾವನವರು ಕೆಮ್ಮು ತಡೆದುಕೊಂಡು ಕೆಂಪಾಗುತ್ತಿದ್ದರು. ಮೆಣಸು ಬಾಗಿಲಲ್ಲಿ ನಿಂತು ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಗದರುತ್ತಿದ್ದಳು, ಆ ಮನೆಯಲ್ಲಿ ಸದ್ದು ಮಾಡುತ್ತಿದ್ದವಳು ಅವಳೊಬ್ಬಳೇ ಆದರೂ. ಬೇಯುತ್ತಿರುವ ಕೇಕ್ ಚುರುಚುರು ಅಂತ ಒಳಗೊಳಗೇ ಮಾತಾಡುತ್ತಿರುತ್ತದೆ, ಆ ಮಾತು ಇನ್ನೇನು ನಿಲ್ಲಬೇಕು ಅನ್ನುವಾಗ ಇಳಿಸಬೇಕು ಎಂದು ಒಮ್ಮೆ ನನಗೆ ವಿವರಿಸಿದಿರಿ. ಪ್ರೆಸ್ಸಿನ ಏಟು ಕೇಳಿಯೇ ಅಚ್ಚು ಮೊಂಡಾಗಿದೆ ಎಂದು ಹೇಳುವವರಿಗೆ ಇದೇನು ಮಹಾ ಎಂದು ನೀವು ಕೈ ಝಾಡಿಸಿದರೂ, ನನ್ನ ಮಟ್ಟಿಗೆ ಅದು ಮಹಾ ಕೆಲಸವೇ. ಕಿವಿಯ ಕೆಲಸದಲ್ಲಿ ಬದುಕಿದವಳು ಹೇಳುತ್ತಿದ್ದೇನೆ, ಅಂಥ ಕಿವಿ ನಮ್ಮ ಎಕ್ಸ್‌ಚೇಂಜಿನಲ್ಲಿ ಯಾರಿಗೂ ಇರಲಿಲ್ಲ.

ಈಗ ನವೆಂಬರ್ ತಿಂಗಳಿಗೆ ಬರೋಣ. ಮಾವನವರ ಎಪ್ಪತ್ತನೆಯ ಹುಟ್ಟುಹಬ್ಬ. ಕೇಕ್ ಕತ್ತರಿಸಿದರೆ ನಡುವೆ ಹಸಿ ಹಿಟ್ಟು. ಮಾವನವರು ಚಮಚ ತರಿಸಿಕೊಂಡು, ಇದು ಹೊಸ ನಮೂನೆ, ಚೆನ್ನಾಗಿದೆ ಅಂದರು. ಕಟ್ಟಳೆ ಇತ್ತಲ್ಲ, ನಾವೂ ತಿಂದೆವು. ಎರಡು ತಿಂಗಳು ಬಿಟ್ಟು ಜನವರಿಯಲ್ಲಿ ನನ್ನದು. ಆ ಕೇಕ್ ಗಂಟಲಲ್ಲಿ ಇಳಿಯಲಿಲ್ಲ, ಒಂದೊಂದು ತುತ್ತಿಗೂ ನೀರು ಬೇಕಾಯಿತು. ಮಾರ್ಚಿನಲ್ಲಿ ಮೆಣಸಿಗೆ ಹತ್ತು ತುಂಬಿದಾಗ ತಳ ಸೀದಿತ್ತು. ನೀವು ತಳವನ್ನು ಹೆರೆದು ಮೇಲೆ ಚಾಕೊಲೇಟ್ ಸುರಿದಿದ್ದಿರಿ. ಮೂರು ಸಲವೂ ನಾವು ಚೆನ್ನಾಗಿದೆ ಎಂದೆವು. ಮೂರು ಸಲವೂ ನೀವು ನಮ್ಮೆಲ್ಲರ ಮುಖ ನೋಡಿದಿರಿ, ಕೇಕನ್ನು ನೋಡಲಿಲ್ಲ.

ಮಾವನವರ ಕೇಕಿನ ದಿನ ವಾಪಸು ಬರುವಾಗ ಬಸ್ ನಿಲ್ದಾಣಕ್ಕೆ ನಮ್ಮನ್ನು ಕಳಿಸಲು ಮೆಣಸು ಬಂದಿದ್ದಳು. ನನ್ನ ಕೈ ಎಳೆದು ಬಗ್ಗಿಸಿ, ‘ಅಜ್ಜಿ, ಅಪ್ಪ ಕಿವಿ ಇಟ್ಟು ಆಯ್ತು ಅಂದ್ರಲ್ಲ, ಆಗ ಕೇಕ್ ಇನ್ನೂ ಮಾತಾಡ್ತಾನೇ ಇತ್ತು. ನಂಗೆ ಬಾಗಿಲ ಹತ್ರದಿಂದಾನೇ ಕೇಳಿಸ್ತು’ ಅಂದಳು. ಮತ್ತೆ ನೀನ್ಯಾಕೆ ಹೇಳಲಿಲ್ಲ ಎಂದರೆ, ‘ಕೇಕ್ ಬಗ್ಗೆ ಕೆಟ್ಟ ಮಾತು ಆಡ್ಬಾರ್ದಲ್ಲ’ ಅಂದಳು. ನಾನು ಬಸ್ಸಿನಲ್ಲಿ ಎರಡು ಗಂಟೆ ಕಿಟಕಿ ನೋಡಿಕೊಂಡು ಬಂದೆ.

ಎಕ್ಸ್‌ಚೇಂಜಿನಲ್ಲಿ ನಾವು ಒಂದು ಗುಟ್ಟು ಕಲಿತಿದ್ದೆವು. ತಂತಿ ಕೆಟ್ಟು ಮಾತು ಕೇಳದೆ ಹೋದಾಗ ಕೆಲವರು ಕೂಗಾಡುತ್ತಾರೆ, ಕೆಲವರು ಹಲೋ ಹಲೋ ಎಂದು ಹಲುಬುತ್ತಾರೆ. ಇವರಿಂದ ತೊಂದರೆ ಇಲ್ಲ, ತಂತಿ ಸರಿಮಾಡಿ ಕೊಡಬಹುದು. ತೊಂದರೆಯವರು ಯಾರೆಂದರೆ ಏನೂ ಕೇಳದಿದ್ದರೂ ಮರ್ಯಾದೆಗೆ ಅಂಜಿ ಹೂಂ ಹೂಂ ಅನ್ನುವವರು. ಅವರ ತಂತಿ ಕೆಟ್ಟಿದೆ ಎಂದು ನಮಗೂ ತಿಳಿಯುವುದಿಲ್ಲ, ಆ ಕಡೆ ಮಾತಾಡುವವರಿಗೂ ತಿಳಿಯುವುದಿಲ್ಲ. ಅಂಥವರ ಹೂಂ ಅರ್ಧ ಕ್ಷಣ ತಡವಾಗಿ ಬರುತ್ತದೆ. ಬೇರೆಯವರು ನಕ್ಕ ಮೇಲೆ ಅವರು ನಗುತ್ತಾರೆ. ನಾನು ಜನವರಿಯಲ್ಲಿ ಇಡೀ ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಮ್ಮನ್ನು ನೋಡಿದೆ. ನೀವು ಅರ್ಧ ಕ್ಷಣ ತಡವಾಗಿದ್ದಿರಿ. ಕೊನೆಗೆ ನೀವು ಬೆನ್ನು ಹಾಕಿ ಬೆಣ್ಣೆ ತಿರುವುತ್ತಿದ್ದಾಗ, ನಾನು ಹಿಂದೆ ನಿಂತು, ಎಂದಿನ ದನಿಯಲ್ಲಿ, ಅಳಿಯಂದಿರೇ, ಕಿಟಕಿಯ ಪರದೆಗೆ ಬೆಂಕಿ ಹತ್ತಿಕೊಂಡಿದೆ ಎಂದೆ. ನೀವು ಬೆಣ್ಣೆ ತಿರುವುತ್ತಲೇ ಇದ್ದಿರಿ. ನೀವೇ ಒಂದು ದಿನ ಹೇಳಿಕೊಳ್ಳುತ್ತೀರಿ ಎಂದುಕೊಂಡು ನಾನು ಅದನ್ನು ಯಾರಿಗೂ ಹೇಳದೆ ಇಟ್ಟುಕೊಂಡೆ.

ಇಪ್ಪತ್ತೆರಡು ವರ್ಷ ಆ ಪ್ರೆಸ್ಸುಗಳ ನಡುವೆ ನಿಂತಿದ್ದೀರಿ. ಒಮ್ಮೆ ನಿಮ್ಮ ಊಟದ ಡಬ್ಬಿ ಕೊಡಲು ನಾನು ಗೇಟಿನವರೆಗೆ ಬಂದಾಗ ಆ ಸದ್ದಿಗೆ ಅಲ್ಲಿಂದಲೇ ನನಗೆ ತಲೆ ನೋವು ಬಂದಿತ್ತು. ಕಿವಿ ಹೋಗದೆ ಇನ್ನೇನು ಆದೀತು. ನಿಮ್ಮ ತಪ್ಪೇನೂ ಇಲ್ಲ ಇದರಲ್ಲಿ. ಮುಚ್ಚಿಟ್ಟದ್ದು ಮಾತ್ರ ನಿಮ್ಮ ತಪ್ಪು. ಯಾಕೆ ಮುಚ್ಚಿಟ್ಟಿರಿ ಎಂದು ಊಹಿಸಬಲ್ಲೆ. ಗೊತ್ತಾದರೆ ಪ್ರೆಸ್ಸಿನ ಕೆಲಸದಿಂದ ತೆಗೆದು ಗೋದಾಮಿನಲ್ಲಿ ಕೂರಿಸುತ್ತಾರೆ ಎಂದು ಸ್ವಲ್ಪ. ಅದಕ್ಕಿಂತ ಹೆಚ್ಚಾಗಿ, ಇಡೀ ಮನೆ ಉಸಿರು ಬಿಗಿಹಿಡಿದು ನಿಮ್ಮ ಕಿವಿಯನ್ನೇ ನೋಡುತ್ತಿರುವಾಗ, ನನಗೆ ಏನೂ ಕೇಳಿಸುತ್ತಿಲ್ಲ ಎಂದು ಹೇಳುವುದು ಹೇಗೆ. ನಿಮ್ಮ ಜಾಗದಲ್ಲಿ ನಾನಿದ್ದರೂ ಆಯ್ತು ಅಂತಲೇ ಅನ್ನುತ್ತಿದ್ದೆ.

ಇನ್ನು ಅವಳು ಮನೆ ಬಿಟ್ಟು ಬಂದ ಕಾರಣ. ನಿಮಗೆ ಮದುವೆಯ ಮೊದಲೇ ಗೊತ್ತಿದೆ, ಇಡೀ ದಿನ ಗ್ರಂಥಾಲಯದ ಮೇಜಿನ ಹಿಂದೆ ಕೂರುವ ಅವಳ ದನಿ ಮನೆಯಲ್ಲೂ ಏರುವುದಿಲ್ಲ. ಒಂದೂವರೆ ವರ್ಷದಿಂದ ಅವಳು ಮೆಲ್ಲಗೆ ಕೇಳಿದ್ದಕ್ಕೆ ನಿಮ್ಮಿಂದ ಉತ್ತರ ಬರುತ್ತಿರಲಿಲ್ಲ, ಬಂದರೂ ಒಂದು ಹೂಂ. ರೇಡಿಯೋದ ದನಿ ಏರಿಸುತ್ತೀರಿ, ಅವಳು ಮಾತಿಗೆ ಶುರುಮಾಡಿದರೆ ಎದ್ದು ಹಿತ್ತಲಿಗೆ ಹೋಗುತ್ತೀರಿ. ಅವಳು ಇದನ್ನು ಬೇರೆ ರೀತಿ ಓದಿಕೊಂಡಳು. ಯಾರಾದರೂ ಹಾಗೆಯೇ ಓದಿಕೊಳ್ಳುತ್ತಾರೆ. ಮೆಣಸಿನ ಹುಟ್ಟುಹಬ್ಬದ ದಿನ ನಾವು ನಾಲ್ಕರ ಬಸ್ಸಿಗೆ ಹೊರಟ ಮೇಲೆ, ನೀವು ನಲ್ಲಿ ಪೂರ್ತಿ ತಿರುಗಿಸಿ ಕೇಕಿನ ಡಬ್ಬಿ ಉಜ್ಜುತ್ತಿದ್ದಿರಂತೆ. ಅವಳು ಬಾಗಿಲ ಹತ್ತಿರ ನಿಂತಿದ್ದಳು. ವಾರಗಟ್ಟಲೆ ಮನಸ್ಸಿನಲ್ಲಿ ತಿರುವಿ ಹಾಕಿದ್ದನ್ನು ಕೊನೆಗೂ ಕೇಳಿದಳು. ‘ನಾನು ಈ ಮನೇಲಿ ಇರೋದು ನಿಮಗೆ ಬೇಕಾ, ಬೇಡ್ವಾ? ಒಂದು ಮಾತು ಹೇಳಿಬಿಡಿ, ನಂಗೆ ಅಷ್ಟು ಸಾಕು.’ ನೀವು ತಿರುಗಲಿಲ್ಲ. ಡಬ್ಬಿ ಒರೆಸಿದಿರಿ, ಮೊಳೆಗೆ ನೇತುಹಾಕಿದಿರಿ, ಅವಳ ಪಕ್ಕದಲ್ಲೇ ಹಾದು ಹೊರಗೆ ಹೋದಿರಿ. ಹೋಗುವಾಗ ಅವಳ ಕೆನ್ನೆ ತಟ್ಟಿದಿರಂತೆ. ಅದನ್ನು ಕ್ಷಮಿಸಲು ಆಗುವುದಿಲ್ಲ ಅಂದಳು, ಮೌನಕ್ಕಿಂತ ಅದೇ ಹೆಚ್ಚು ಉರಿಯಿತಂತೆ. ಮಾರನೆಯ ಬೆಳಿಗ್ಗೆ ರಜೆಯ ನೆಪ ಹೇಳಿ ಮಗಳನ್ನು ಕರೆದುಕೊಂಡು ಬಂದುಬಿಟ್ಟಳು.

ನೀವು ಕೆನ್ನೆ ತಟ್ಟಿದ್ದು ಯಾಕೆಂದು ನನಗೆ ಗೊತ್ತು. ಬೆಳಗಿನಿಂದ ಅವಳು ಪಟ್ಟ ಶ್ರಮಕ್ಕೆ, ಸೀದ ಕೇಕನ್ನು ಚೆನ್ನಾಗಿದೆ ಎಂದು ನುಂಗಿದ್ದಕ್ಕೆ. ಅವಳು ಬಾಯಿ ತೆರೆದದ್ದೇ ನಿಮಗೆ ತಿಳಿದಿರಲಿಲ್ಲ. ಈ ಕಾಗದ ಓದುವವರೆಗೂ ಆ ಪ್ರಶ್ನೆ ನಿಮ್ಮನ್ನು ಮುಟ್ಟಿಲ್ಲ.

ಈಗ ನನ್ನ ಸರದಿ. ಇಲ್ಲಿಯವರೆಗೆ ಬರೆದದ್ದೆಲ್ಲ ಸುಲಭ, ಮುಂದಿನದು ಬರೆಯಲು ಒಂದು ಲೋಟ ನೀರು ಕುಡಿದು ಬಂದೆ. ನಲ್ಲಿಯ ಮುಂದೆ ನಡೆದದ್ದನ್ನು ಅವಳು ನನಗೆ ಹೇಳಿದ್ದು ಬಂದ ಎರಡನೆಯ ವಾರ, ಬಟ್ಟೆ ಮಡಚುತ್ತಾ. ಹೇಳಿ ಮುಗಿಸುವ ಮೊದಲೇ ನನಗೆ ಎಲ್ಲ ತಿಳಿದುಹೋಯಿತು. ಅವರಿಗೆ ಕಿವಿ ಕೇಳಿಸುವುದಿಲ್ಲ ಕಣೇ ಎಂದು ನಾನು ಆ ಕ್ಷಣ ಹೇಳಿದ್ದರೆ ಅವಳು ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದಳು. ನಾನು ಹೇಳಲಿಲ್ಲ. ತಲೆದಿಂಬಿನ ಚೀಲವನ್ನು ಇನ್ನೊಂದು ಸಲ ಮಡಚಿದೆ.

ಕಾರಣ ಬೇರೇನೂ ಅಲ್ಲ, ಮಗಳೂ ಮೊಮ್ಮಗಳೂ ನಮ್ಮ ಮನೆಯಲ್ಲಿರುವುದು ನನಗೆ ಬೇಕಾಗಿತ್ತು. ಬೆಳಿಗ್ಗೆ ಎದ್ದರೆ ಬಾಗಿಲಲ್ಲಿ ಮೆಣಸಿನ ಚಪ್ಪಲಿ ಒಂದು ಆ ಕಡೆ, ಒಂದು ಈ ಕಡೆ. ಸಂಜೆ ನಾನೂ ಮಗಳೂ ತರಕಾರಿ ಹೆಚ್ಚುತ್ತಾ ಕೂತರೆ ಅವಳು ಗ್ರಂಥಾಲಯದ ಜನರ ಕಥೆ ಹೇಳುತ್ತಾಳೆ. ಅವಳು ಚಿಕ್ಕವಳಿದ್ದಾಗ ನಾನು ಪಾಳಿಗಳಿಗೆ ಕೊಟ್ಟು ಕಳೆದುಕೊಂಡ ಸಂಜೆಗಳು ಈಗ ಒಂದೊಂದಾಗಿ ವಾಪಸು ಬರುತ್ತಿವೆ ಅನ್ನಿಸಿತು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ತಿಂಗಳು ಕಳೆದೆ. ನಿಮ್ಮ ಸಂಸಾರದ ದುಃಖದಲ್ಲಿ ನಾನು ಸುಖವಾಗಿದ್ದೆ. ಮೂವತ್ತೊಂದು ವರ್ಷದಲ್ಲಿ ಒಬ್ಬರ ಕರೆಯನ್ನೂ ಬೇಕೆಂದು ತಡೆಹಿಡಿದವಳಲ್ಲ ನಾನು. ಸ್ವಂತ ಮಗಳ ಕರೆಯನ್ನು ತಡೆಹಿಡಿದೆ.

ನೀವು ಪ್ರತಿದಿನ ಏಳು ಗಂಟೆಗೆ ಮಗಳಿಗೆ ಫೋನು ಮಾಡುತ್ತೀರಿ. ಕಳೆದ ವಾರ ಅವಳು ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಂಡದ್ದನ್ನು ಅಳುತ್ತಾ ಹೇಳಿದಳು. ನೀವು ‘ಒಳ್ಳೇದು ಪುಟ್ಟಾ, ಜಾಣೆ’ ಅಂದಿರಿ. ಮಗು ರಿಸೀವರನ್ನೇ ಒಂದು ಸಲ ನೋಡಿ ನಕ್ಕಳು. ಆಮೇಲೆ ನಗುವುದನ್ನು ನಿಲ್ಲಿಸಿದಳು. ಅವಳಿಗೂ ಇನ್ನು ಹೆಚ್ಚು ದಿನ ಬೇಕಾಗುವುದಿಲ್ಲ, ತಾಯಿ ತಪ್ಪಾಗಿ ತಿಳಿದುಕೊಂಡದ್ದನ್ನೇ ಅವಳೂ ತಿಳಿದುಕೊಳ್ಳುತ್ತಾಳೆ. ಅವತ್ತು ಅವಳ ಮೊಣಕಾಲಿಗೆ ಅರಿಶಿನ ಹಚ್ಚಿದವಳು ನಾನೇ. ಆದರೂ ಬಾಯಿ ಬಿಡಲಿಲ್ಲ ನೋಡಿ, ನಿಮ್ಮ ಅತ್ತೆ ಎಂಥವಳು.

ಮೊನ್ನೆ ಸೋಮವಾರ ನನ್ನ ಮಗಳು ಇಲ್ಲಿನ ಶಾಲೆಯಿಂದ ಒಂದು ಅರ್ಜಿ ತಂದಳು. ಮೆಣಸನ್ನು ಮುಂದಿನ ತಿಂಗಳಿಂದ ಇಲ್ಲಿಯೇ ಸೇರಿಸುವುದಂತೆ. ಇದೇ ಹನ್ನೆರಡನೆಯ ತಾರೀಕು ಕೊಡಲು ಕೊನೆಯ ದಿನ. ಊಟದ ಮೇಜಿನ ಮೇಲೆ ಹರಡಿಕೊಂಡು ಎಲ್ಲವನ್ನೂ ತುಂಬಿದಳು, ಮಗುವಿನ ಹೆಸರು, ಎತ್ತರ, ಹಾಕಿಸಿದ ಚುಚ್ಚುಮದ್ದು. ಈಗಿನ ಶಾಲೆ ಬಿಡಲು ಕಾರಣ ಎಂಬ ಸಾಲಿನ ಮುಂದೆ ಪೆನ್ನು ಹಿಡಿದು ಅರ್ಧ ಗಂಟೆ ಕೂತಳು. ಬರೆಯಲಾಗದೆ ಎದ್ದುಹೋದಳು. ನಾನು ಆ ಖಾಲಿ ಸಾಲನ್ನು ನೋಡಿದೆ. ಆ ಕಾರಣ ಗೊತ್ತಿದ್ದವಳು ಮನೆಯಲ್ಲಿ ನಾನೊಬ್ಬಳೇ. ನನ್ನ ಸುಖ ಅಲ್ಲಿಗೆ ಮುಗಿಯಿತು.

ಆದ್ದರಿಂದ ಕೇಳಿ. ಭಾನುವಾರದೊಳಗೆ ಬನ್ನಿ. ಬಂದು ನಿಮ್ಮ ಬಾಯಿಂದಲೇ ಅವಳಿಗೆ ಹೇಳಿ. ನಾನು ಹೇಳಬಹುದು, ಆದರೆ ಇಂಥ ಮಾತು ಮೂರನೆಯವರಿಂದ ಬಂದರೆ ಗಂಡ ತನ್ನನ್ನು ನಂಬಲಿಲ್ಲವಲ್ಲ ಎಂಬ ಮುಳ್ಳು ಉಳಿದುಬಿಡುತ್ತದೆ. ಜೊತೆಗೆ, ಮುಚ್ಚುಮರೆ ಯಾಕೆ, ನಾನೇ ಹೇಳಿದರೆ ನನಗೆ ಇದು ಯಾವಾಗಿನಿಂದ ಗೊತ್ತು ಎನ್ನುವುದನ್ನೂ ಹೇಳಬೇಕಾಗುತ್ತದೆ. ಎಪ್ಪತ್ತರ ಹತ್ತಿರ ಬಂದವಳಿಗೆ ಅಷ್ಟು ಧೈರ್ಯವಿಲ್ಲ. ಕಿವಿಯ ಡಾಕ್ಟರ ಹತ್ತಿರ ನಾನು ಜೊತೆಗೆ ಬರುತ್ತೇನೆ. ನಮ್ಮ ಎಕ್ಸ್‌ಚೇಂಜಿನವರಿಗೆಲ್ಲ ವರ್ಷಕ್ಕೊಮ್ಮೆ ಆ ಪರೀಕ್ಷೆ ಆಗುತ್ತಿತ್ತು, ನೋವಿಲ್ಲ, ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಪೀಂ ಪೀಂ ಅನ್ನಿಸುತ್ತಾರೆ, ಅಷ್ಟೆ. ಕಿವಿಯ ಹಿಂದೆ ಹಾಕಿಕೊಳ್ಳುವ ಯಂತ್ರ ಈಗ ಹುಣಿಸೆ ಬೀಜದಷ್ಟಿರುತ್ತದೆ. ಕನ್ನಡಕ ಬಂದಾಗ ಹೊಸ ಮದುಮಗನ ಹಾಗೆ ಎಲ್ಲರಿಗೂ ತೋರಿಸಿಕೊಂಡು ತಿರುಗಿದವರು ನೀವು, ಇದಕ್ಕೇಕೆ ನಾಚಿಕೆ.

ಕೇಕಿನ ಚಿಂತೆ ಬಿಡಿ. ಊರಿನವರೆಲ್ಲ ಮಾಡುವ ಹಾಗೆ ಒಂದು ಕಡ್ಡಿ ಚುಚ್ಚಿ ನೋಡಿದರಾಯಿತು, ಇಲ್ಲದಿದ್ದರೆ ಬಾಗಿಲಲ್ಲಿ ನಿಂತಿರುವ ಮಗಳನ್ನು ಒಂದು ಮಾತು ಕೇಳಿದರಾಯಿತು. ಅಭಿಮಾನ ನನಗೆ ನಿಮ್ಮ ಕಿವಿಯ ಮೇಲಲ್ಲ. ಕಿವಿಯ ಮೇಲೆಯೇ ಎಂದು ಇಷ್ಟು ವರ್ಷ ನಾನೂ ಅಂದುಕೊಂಡಿದ್ದೆ, ಈ ನಲವತ್ತು ದಿನ ಯೋಚಿಸಿದ ಮೇಲೆ ಸರಿಯಾಗಿ ತಿಳಿಯಿತು. ಬೇರೆಯವರ ಹಜಾರದಲ್ಲಿ ನಿಂತು ಹಲೋ ಅಂದ ಒಂದು ಮಗುವಿನ ಕಥೆಯನ್ನು ಒಂದೇ ಒಂದು ಸಲ ಕೇಳಿ, ಹದಿನಾಲ್ಕು ವರ್ಷ ಮರೆಯದೆ ಅದಕ್ಕೆ ಉತ್ತರ ಕೊಟ್ಟವರು ನೀವು. ಹೆತ್ತವಳು ನಾನು, ನನ್ನಿಂದ ಆಗಲಿಲ್ಲ. ಇದೇ ಹದಿನೆಂಟಕ್ಕೆ ಅವಳಿಗೆ ಮೂವತ್ತೆಂಟು. ಆ ದಿನ ನಿಮ್ಮ ಓವನ್ನು ತಣ್ಣಗಿದ್ದರೆ ಅದಕ್ಕೆ ಅರ್ಧ ಕಾರಣ ನಾನಾಗಿರುತ್ತೇನೆ, ಅದನ್ನು ಹೊತ್ತುಕೊಂಡು ಇರುವುದು ನನ್ನಿಂದ ಆಗುವುದಿಲ್ಲ.

ಮಾವನವರು ನಿಮ್ಮನ್ನು ಕೇಳಿದೆ ಎಂದು ಬರೆಯಲು ಹೇಳಿದ್ದಾರೆ. ಅವರಿಗೆ ಇದ್ಯಾವುದೂ ಗೊತ್ತಿಲ್ಲ. ನವೆಂಬರಿನ ಕೇಕ್ ನಿಜವಾಗಿಯೂ ಹೊಸ ನಮೂನೆಯೇ ಎಂದು ಇನ್ನೂ ನಂಬಿದ್ದಾರೆ, ಮುಂದಿನ ಸಲವೂ ಹಾಗೆಯೇ ಇರಲಿ, ಹಲ್ಲಿಗೆ ಸುಲಭ ಅನ್ನುತ್ತಾರೆ.

ತಪ್ಪು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳುವ,

ನಿಮ್ಮ ಅತ್ತೆ

ತಾ.ಕ.: ಗುರುವಾರ, ಬೆಳಿಗ್ಗೆ ಎಂಟು ಗಂಟೆ. ಈ ಲಕೋಟೆಗೆ ಅಂಚೆಚೀಟಿ ಇಲ್ಲದಿರುವುದನ್ನು ನೀವು ಗಮನಿಸಿರಬೇಕು. ನಿನ್ನೆ ಇದನ್ನು ಬರೆದು ಮುಗಿಸಿ, ಮೇಜಿನ ಮೇಲೆ ಬಿಟ್ಟು, ಅಂಟು ಹುಡುಕಲು ಒಳಗೆ ಹೋದೆ. ಅಂಟು ಸಿಗಲು ಮುಕ್ಕಾಲು ಗಂಟೆ ಹಿಡಿಯಿತು. ನಿಜ ಹೇಳಬೇಕೆಂದರೆ ಬಾಟಲಿ ನನ್ನ ಕೈಯಲ್ಲೇ ಇತ್ತು. ಹೊರಗೆ ಬಂದಾಗ ನನ್ನ ಮಗಳು ಕೊನೆಯ ಹಾಳೆ ಹಿಡಿದು ನಿಂತಿದ್ದಳು. ಅಳಲಿಲ್ಲ. ‘ನಿಂಗೆ ಜನವರಿಯಿಂದ್ಲೇ ಗೊತ್ತಿತ್ತಾ ಅಮ್ಮಾ’ ಎಂದು ಕೇಳಿದಳು. ಹೌದು ಎಂದೆ. ಆಮೇಲೆ ನನ್ನ ಜೊತೆ ಮಾತಿಲ್ಲ, ಅದು ನನಗೆ ಸಲ್ಲಬೇಕಾದದ್ದೇ. ಮೆಣಸನ್ನು ನಮ್ಮ ಹತ್ತಿರ ಬಿಟ್ಟು ಈಗ ಹೊರಡುತ್ತಿದ್ದಾಳೆ. ನೀವು ಕೆಲಸದಿಂದ ಬರುವ ಹೊತ್ತಿಗೆ ಮನೆಯಲ್ಲಿರುತ್ತಾಳೆ, ಇದನ್ನು ಅವಳೇ ನಿಮ್ಮ ಕೈಗೆ ಕೊಡುತ್ತಾಳೆ. ಶಾಲೆಯ ಅರ್ಜಿಯನ್ನು ಹರಿದಿಲ್ಲ, ಚೀಲದಲ್ಲಿ ಇಟ್ಟುಕೊಂಡಿದ್ದಾಳೆ. ಮಾರ್ಚಿನಲ್ಲಿ ಕೇಳಿದ್ದನ್ನೇ ಇನ್ನೊಂದು ಸಲ ಕೇಳುತ್ತಾಳಂತೆ, ಇದನ್ನು ತನ್ನ ಅಪ್ಪನಿಗೆ ಹೇಳಿದ್ದಾಳೆ. ಓದಿದ್ದು ಸಾಕು, ಕಾಗದ ಕೆಳಗಿಡಿ. ಅವಳು ನಿಮ್ಮ ಎದುರಿಗೇ ನಿಂತಿದ್ದಾಳೆ.